ಮರ್ಲ್ ಅಂತ ಬರೆದರೆ ಆಗುದಿಲ್ವಾ?

ನವರಾತ್ರಿಗೆ ಇನ್ನೂ ಒಂದು ತಿಂಗಳು ಇರುವಾಗ ಅಕ್ಕನ ಮಗ ಒಂದು ಸಂಜೆ ಮನೆಗೆ ಬಂದ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ. ಹುಲಿವೇಷ ಹಾಕುತ್ತಾನೆ. ಈ ಎರಡರಲ್ಲಿ ಯಾವುದನ್ನು ಮೊದಲು ಹೇಳಬೇಕು ಅನ್ನುವುದೇ ಅಕ್ಕನ ಮನೆಯಲ್ಲಿ ದಿನಾ ನಡೆಯುವ ಜಗಳ. ಚಾ ಕುಡಿಯುತ್ತ ಮೊಬೈಲನ್ನು ನನ್ನ ಮುಂದೆ ಹಿಡಿದ. ಎಲ್ಲೋ ಪಿಲಿ ನಲಿಕೆ, ಅಂದರೆ ಹುಲಿ ಕುಣಿತದ ಸ್ಪರ್ಧೆಯಂತೆ, ಅದರ ಸ್ಮರಣ ಸಂಚಿಕೆಗೆ ಪ್ರತಿ ತಂಡದವರೂ ತಮ್ಮ ಪರಿಚಯ ಬರೆದು ಕೊಡಬೇಕಂತೆ. ತಂಡ ಯಾವಾಗ ಶುರುವಾಯಿತು, ಎಷ್ಟು ಜನ ಇದ್ದಾರೆ, ಎಲ್ಲೆಲ್ಲಿ ಕುಣಿದಿದ್ದಾರೆ ಎಲ್ಲ ಕನ್ನಡದಲ್ಲಿ ಬರೆದಾಗಿತ್ತು. ಒಂದು ಸಾಲು ಮಾತ್ರ ಇಂಗ್ಲಿಷಿನಲ್ಲೇ ನಿಂತಿತ್ತು: ‘ವಿ ಆರ್ ಪ್ಯಾಷನೇಟ್ ಅಬೌಟ್ ಪಿಲಿ ನಲಿಕೆ.’ “ಇದೊಂದನ್ನು ಕನ್ನಡ ಮಾಡಿ ಕೊಡಿ ಮಾವ, ಐದು ನಿಮಿಷದ ಕೆಲಸ” ಅಂದ.

ನಾನು ‘ನಮ್ಮ ತಂಡಕ್ಕೆ ಹುಲಿವೇಷದ ಬಗ್ಗೆ ಅಪಾರ ಉತ್ಸಾಹವಿದೆ’ ಎಂದು ಬರೆದೆ. ಅವನು ಓದಿ ಮೂಗು ಮುರಿದ. “ಇದು ಅಧ್ಯಕ್ಷರ ಭಾಷಣದ ಹಾಗುಂಟು.” ಸರಿ, ‘ವಿಶೇಷ ಆಸಕ್ತಿ’ ಎಂದೆ. “ಮಾವ, ಅದು ಮದುವೆಯ ಬಯೋಡೇಟಾದಲ್ಲಿ ಬರುದು. ಪುಸ್ತಕ ಓದುವುದರಲ್ಲಿ ವಿಶೇಷ ಆಸಕ್ತಿ.” ಅವನು ಹೇಳಿದ್ದು ಸುಳ್ಳಲ್ಲ. ಹಾಗೆ ಬರೆದುಕೊಂಡವರಲ್ಲಿ ಎಷ್ಟು ಜನ ಪುಸ್ತಕ ಓದುತ್ತಾರೆ ಅಂತ ನಮಗೆಲ್ಲ ಗೊತ್ತಲ್ವಾ. ಕೊನೆಗೆ ಚಾದ ಲೋಟ ಕೆಳಗಿಟ್ಟು, ಸುಮ್ನೆ ತಮಾಷೆಗೆಂಬಂತೆ ಕೇಳಿದ: “ಮರ್ಲ್ ಅಂತ ಬರೆದರೆ ಆಗುದಿಲ್ವಾ?”

ಮರ್ಲ್ ಅಂದರೆ ತುಳುವಿನಲ್ಲಿ ಹುಚ್ಚು. ಇಬ್ಬರೂ ನಕ್ಕೆವು. ಆದರೆ ಅವನು ಹೋದ ಮೇಲೂ ಆ ಪ್ರಶ್ನೆ ನನ್ನ ಜೊತೆ ಉಳಿಯಿತು. ಯಾಕೆಂದರೆ ಅದೇ ಸರಿಯಾದ ಶಬ್ದ. ಮತ್ತು ಅದನ್ನು ಹಾಗೆ ಬರೆಯಲಿಕ್ಕೆ ಆಗುವುದಿಲ್ಲ.

ಉತ್ಸಾಹದಿಂದ ತೆವಲಿನವರೆಗೆ

ಕನ್ನಡದಲ್ಲಿ ಶಬ್ದಕ್ಕೇನೂ ಬರ ಇಲ್ಲ. ಹುರುಪು ಇದೆ, ಹುಮ್ಮಸ್ಸು ಇದೆ. ಇವೆರಡೂ ಬೆಳಗಿನ ಹೊತ್ತಿನ ಶಬ್ದಗಳು, ಮಧ್ಯಾಹ್ನದ ಊಟ ಆದ ಮೇಲೆ ಉಳಿಯುವುದು ಕಷ್ಟ. ಗೀಳು ಇದೆ, ಅದರಲ್ಲಿ ಸ್ವಲ್ಪ ಕಾಯಿಲೆಯ ವಾಸನೆ ಇದೆ. ಖಯಾಲಿ ಅಂದರೆ ದುಡ್ಡಿದ್ದವರದ್ದು. ಚಟ ಅಂದರೆ ಮನೆಯವರಿಗೆ ಗೊತ್ತಾಗಬಾರದು. ತೆವಲು ಅಂದರೆ ಗೊತ್ತಾಗಿಬಿಟ್ಟಿದೆ. ಒಂದೇ ಮನುಷ್ಯ ಒಂದೇ ಕೆಲಸ ಮಾಡುತ್ತಿದ್ದರೂ ನಮಗೆ ಅವನು ಇಷ್ಟವಾದರೆ ಹುರುಪು, ಆಗದಿದ್ದರೆ ತೆವಲು.

ಇವುಗಳಲ್ಲಿ ನನಗೆ ಅಕ್ಕರೆ ಇರುವುದು ಉಮೇದಿನ ಮೇಲೆ. ನಮ್ಮ ಕಡೆ “ಅವನಿಗೆ ಭಾರೀ ಉಮೇದು” ಎಂಬುದು ದಿನಬಳಕೆಯ ಮಾತು. ಹೊಸ ಬೈಕ್ ತಗೊಂಡವನಿಗೆ, ಹೊಸದಾಗಿ ಅಂಗಡಿ ಹಾಕಿದವನಿಗೆ, ಹೊಸ ಅಳಿಯನಿಗೆ, ಎಲ್ಲರಿಗೂ ಹೇಳುತ್ತೇವೆ. ಇದು ಪಾರ್ಸಿ ಶಬ್ದ, ಅಲ್ಲಿ ಉಮೇದ್ ಅಂದರೆ ಆಸೆ, ಭರವಸೆ. ಚುನಾವಣೆಗೆ ನಿಂತ ಉಮೇದುವಾರನೂ ಅದೇ ಮನೆಯವನು. ಬ್ರಿಟಿಷರ ಕಾಲದಲ್ಲಿ ಕೆಲಸ ಸಿಕ್ಕೀತೆಂದು ಕಚೇರಿಯ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದವನನ್ನೂ ಉಮೇದುವಾರ ಎಂದೇ ಕರೆಯುತ್ತಿದ್ದರು. ಭರವಸೆ ಎಂಬ ಶಬ್ದ ಕನ್ನಡಕ್ಕೆ ಬರುವಷ್ಟರಲ್ಲಿ ಹುರುಪು ಆಯಿತು. ಕಾಯುವವನ ಶಬ್ದ ಹೊರಟವನ ಶಬ್ದವಾಯಿತು. ಈ ಬದಲಾವಣೆಯಲ್ಲಿ ಏನೋ ಒಳ್ಳೆಯದಿದೆ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಆದರೆ ಉಮೇದು ಶುರುವಿನ ಶಬ್ದ. ‘ಅವನಿಗೆ ನಲವತ್ತು ವರ್ಷದಿಂದ ಆಟದ (ನಮ್ಮಲ್ಲಿ ಆಟ ಅಂದರೆ ಯಕ್ಷಗಾನ) ಉಮೇದು’ ಅಂತ ಯಾರೂ ಹೇಳುವುದಿಲ್ಲ. ನಲವತ್ತು ವರ್ಷ ಆದ ಮೇಲೆ ಅದು ಉಮೇದಲ್ಲ, ಮರ್ಲ್.

ಮರ್ಲ್ ತುಳು ಶಬ್ದ ನಿಜ. ಆದರೆ ನಮ್ಮ ಕನ್ನಡದಲ್ಲಿ ಅದು ಕೇಳದೆ ಒಳಗೆ ಬಂದು ಚಾವಡಿಯಲ್ಲಿ ಕೂತಾಗಿದೆ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಯಾರಾದರೂ ಫುಟ್‌ಬೋರ್ಡಿನಿಂದ ಹಾರಿದರೆ “ಮರ್ಲಾ ಅವನಿಗೆ?” ಅನ್ನುತ್ತಾರೆ. ಐದು ಲಕ್ಷ ಕೊಟ್ಟು ಹಳೇ ಜೀಪು ತಗೊಂಡವನಿಗೂ ಅದೇ. ಜೋರು ಮಳೆಯಲ್ಲಿ ಕ್ರಿಕೆಟ್ ಆಡುವ ಮಕ್ಕಳಿಗೂ ಅದೇ. ನಿಘಂಟು ನೋಡಿದರೆ ಹುಚ್ಚು ಅಂತ ಸಿಗುತ್ತದೆ. ಬಾಯಲ್ಲಿ ಕೇಳಿದರೆ ಅರ್ಥ ಇರುವುದು ದನಿಯಲ್ಲಿ. ಚಿಕ್ಕದಾಗಿ ಕಡಿದು ಹೇಳಿದರೆ ಬೈಗುಳ. ಎಳೆದು, ತಲೆ ಆಡಿಸಿ, ಕೊನೆಗೆ ಒಂದು ನಗೆ ಸೇರಿಸಿದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮ್ಮೂರಲ್ಲಿ ಇಲ್ಲ.

ಅಜ್ಜನ ಧೀಂಗಿಣ ಲೆಕ್ಕ

ನನ್ನ ಕಿವಿಗೆ ಈ ಶಬ್ದ ಮೊದಲು ಬಿದ್ದದ್ದು ಅಜ್ಜಿಯ ಬಾಯಿಂದ. ಶಿರ್ವದ ಹತ್ತಿರ ಅಜ್ಜನ ಮನೆ. ಬೇಸಿಗೆ ರಜೆ ಪೂರ್ತಿ ನಾವು ಅಲ್ಲಿ. ಅಜ್ಜನಿಗೆ ಯಕ್ಷಗಾನದ ಹುಚ್ಚು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಅಜ್ಜ ರಾತ್ರಿ ಮನೆಯಲ್ಲಿ ಮಲಗಿದ್ದು ಕಡಿಮೆ. ಸಂಜೆ ಆರಕ್ಕೇ ಊಟ. ಆಮೇಲೆ ಹೆಗಲಿಗೆ ಒಂದು ಬೈರಾಸು, ಕೈಯಲ್ಲಿ ಟಾರ್ಚು. ಅದಕ್ಕೂ ಮೊದಲಿನ ಕಾಲದಲ್ಲಿ ತೆಂಗಿನ ಗರಿಯ ಸೂಟೆ ಬೀಸಿಕೊಂಡು ಗದ್ದೆ ಬದುವಿನಲ್ಲಿ ಹೋಗುತ್ತಿದ್ದರಂತೆ. ಅಂಗಳ ದಾಟುವ ಹೊತ್ತಿಗೆ ಸರಿಯಾಗಿ ಅಜ್ಜಿ ಒಳಗಿನಿಂದ ಹೇಳುತ್ತಿದ್ದರು: “ಆಟದ ಮರ್ಲ್!” ಆ ಮಾತು ಆಡದಿದ್ದರೆ ಅಜ್ಜ ಹೊರಡುತ್ತಿರಲಿಲ್ಲವೇನೋ. ಅದು ಬೈಗುಳವೂ ಹೌದು, ‘ಹೋಗಿ ಬನ್ನಿ’ಯೂ ಹೌದು.

ಬೆಳಿಗ್ಗೆ ಸೂರ್ಯ ಬರುವ ಹೊತ್ತಿಗೆ ಅಜ್ಜ ವಾಪಸು. ಕಣ್ಣು ಕೆಂಪಗೆ. ಕಾಲಿಗೆ ಧೂಳು. ಅಜ್ಜಿ ಗಂಜಿ ಬಡಿಸಿ, ಪಕ್ಕದಲ್ಲಿ ಮಾವಿನ ಮಿಡಿ ಇಟ್ಟು, ಏನೂ ಕೇಳದೆ ನಿಲ್ಲುತ್ತಿದ್ದರು. ಅಜ್ಜ ತಾವಾಗಿಯೇ ಶುರು ಮಾಡುತ್ತಿದ್ದರು. ಭಾಗವತರು ಯಾರು, ಯಾವ ಪದ್ಯ ಎಳೆದರು, ಯಾರ ಅರ್ಥಗಾರಿಕೆ ಸಪ್ಪೆ ಆಯಿತು. ಕೊನೆಗೆ ಧೀಂಗಿಣದ ಲೆಕ್ಕ. ಪುಂಡುವೇಷ ರಂಗಸ್ಥಳಕ್ಕೆ ಬಂದು ಗಿರ್ರನೆ ಹಾರಿ ತಿರುಗುವುದಿದೆಯಲ್ಲ, ಅದನ್ನು ಅಜ್ಜ ಬೆರಳು ಮಡಚಿ ಎಣಿಸುತ್ತಿದ್ದರು. ಎಣಿಸಿದ್ದನ್ನು ಬೆಳಿಗ್ಗೆಯವರೆಗೂ ಮರೆಯುತ್ತಿರಲಿಲ್ಲ. “ನಿನ್ನೆ ಅರುವತ್ತೆರಡು. ಮೊನ್ನೆಗಿಂತ ನಾಲ್ಕು ಕಡಿಮೆ. ಹುಡುಗನಿಗೆ ಮೈ ಸರಿ ಇಲ್ಲವೋ ಏನೋ.” ಗಂಜಿ ಬಾಯಲ್ಲಿರುವಾಗಲೇ ಆ ಹುಡುಗನ ಬಗ್ಗೆ ಚಿಂತೆ. ಆ ಹುಡುಗ ಯಾರ ಮಗ ಎಂದು ಅಜ್ಜನಿಗೆ ಗೊತ್ತಿರಲಿಲ್ಲ. ತನ್ನ ಸ್ವಂತ ಮೊಮ್ಮಗ ಎಷ್ಟನೇ ಕ್ಲಾಸು ಅನ್ನುವುದೂ ಗೊತ್ತಿರಲಿಲ್ಲ ಬಿಡಿ.

ಆದರೆ ಮನೆಗೆ ನೆಂಟರು ಬಂದರೆ ಅಜ್ಜಿಯ ದನಿಯೇ ಬೇರೆ. “ಇವರಿಗೆ ಆಟದ ಮರ್ಲ್ ಅಂದರೆ ಎಂತ ಮರ್ಲ್ ಗೊತ್ತುಂಟಾ? ಜ್ವರದಲ್ಲಿ ಹೋಗಿ ಬಂದಿದ್ದಾರೆ” ಅನ್ನುತ್ತಿದ್ದರು. ಕಣ್ಣಲ್ಲಿ ಒಂದು ಮಿಂಚು. ಹಿಂದಿನ ಸಂಜೆ ಬೈಗುಳವಾಗಿದ್ದ ಶಬ್ದ ನೆಂಟರ ಮುಂದೆ ಒಡವೆ ಆಗುತ್ತಿತ್ತು. ಅಜ್ಜ ಮಾತ್ರ ಯಾವತ್ತೂ “ನನಗೆ ಆಟದ ಮರ್ಲ್” ಅಂತ ಹೇಳಿಕೊಂಡವರಲ್ಲ. ಯಾರಾದರೂ ಕೇಳಿದರೆ “ಹಾಗೇನಿಲ್ಲ, ಒಮ್ಮೊಮ್ಮೆ ಹೋಗುದು” ಅನ್ನುತ್ತಿದ್ದರು.

ಹಿಡಿಯುವುದು, ಬಿಡುವುದು

ಹುಡುಗ ಮುಂದೆ ಹಿಡಿದ ಆ ಸಾಲು ನನ್ನನ್ನು ಕಾಡಿದ್ದು ಇಲ್ಲಿಯೇ. ‘ವಿ ಆರ್ ಪ್ಯಾಷನೇಟ್’ ಎಂಬುದು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವ ಮಾತು. ರೆಸ್ಯೂಮೆಯಲ್ಲಿ, ಇಂಟರ್‌ವ್ಯೂನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ. ನಮ್ಮ ಭಾಷೆಯಲ್ಲಿ ಈ ಮಾತಿಗೆ ಜಾಗವೇ ಬೇರೆ. ಮರ್ಲ್ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ಪಕ್ಕದವರು. ಹೆಂಡತಿ ಹೇಳಬೇಕು, ಅಮ್ಮ ಹೇಳಬೇಕು, ಅಂಗಡಿಯವನು ಹೇಳಬೇಕು. ‘ನನಗೆ ಯಕ್ಷಗಾನದ ಹುಚ್ಚು’ ಅಂತ ಒಬ್ಬ ತಾನೇ ಹೇಳಿಕೊಂಡರೆ ನಮಗೆ ಸಣ್ಣ ಅನುಮಾನ ಬರುತ್ತದೆ, ಇವನು ವರ್ಷಕ್ಕೆ ಎರಡು ಆಟ ನೋಡುವವನಿರಬೇಕು ಅಂತ.

ಕ್ರಿಯಾಪದಗಳನ್ನು ನೋಡಿ. ಹುಚ್ಚು ಹಿಡಿಯುತ್ತದೆ. ತುಳುವಿನಲ್ಲೂ ಮರ್ಲ್ ಪತ್ತುವುದು, ಅಂದರೆ ಹಿಡಿಯುವುದೇ. ಗೀಳು ಹತ್ತುತ್ತದೆ. ಆಮೇಲೆ ಒಂದು ದಿನ ಬಿಡುತ್ತದೆ, ಬಿಡದಿದ್ದರೆ ಯಾರಾದರೂ ಬಿಡಿಸಬೇಕು. ‘ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು’ ಎಂಬ ಗಾದೆ ಇದೆಯಲ್ಲ. ಹಿಡಿಯುವುದು, ಬಿಡುವುದು, ಬಿಡಿಸುವುದು. ಇನ್ನು ಯಾವುದಕ್ಕೆ ಹೀಗೆ ಹೇಳುತ್ತೇವೆ? ದೆವ್ವಕ್ಕೆ. ಇಡೀ ವ್ಯಾಕರಣವೇ ದೆವ್ವದ್ದು. ಹಿಡಿಸಿಕೊಂಡವನು ವಾಕ್ಯದಲ್ಲಿ ಕರ್ತೃ ಅಲ್ಲ. ‘ಅವನು’ ಅಲ್ಲ, ‘ಅವನಿಗೆ’. ಹಸಿವು, ಜ್ವರ, ನಿದ್ದೆ ಬಂದ ಹಾಗೆ ಇದೂ ಅವನಿಗೆ ಬಂದದ್ದು. ತಪ್ಪೂ ಅವನದ್ದಲ್ಲ, ಹೆಗ್ಗಳಿಕೆಯೂ ಅವನದ್ದಲ್ಲ.

ಇದು ಬರೀ ಮಾತಿನ ಆಟ ಅಂದುಕೊಂಡಿದ್ದೆ. ಆದರೆ ಮರ್ಲಿನ ಹಿಂದಿನ ಕತೆಯೂ ಹೀಗೇ ಇದೆ. ತುಳುವಿನ ಮರ್ಲ್, ಕನ್ನಡದ ಮರುಳು, ಉತ್ತರ ಕನ್ನಡದ ಕಡೆಯ ಮಳ್ಳು, ಎಲ್ಲ ಒಂದೇ ಬಳ್ಳಿಯ ಕಾಯಿಗಳು. ‘ಜನ ಮರುಳೋ ಜಾತ್ರೆ ಮರುಳೋ’ ಎನ್ನುವುದರಲ್ಲಿ ಇರುವುದೂ ಅದೇ. (ಇದನ್ನು ಕೆಲವರು ‘ಜನ ಮರಳೋ’ ಎಂದು ಬರೆಯುತ್ತಾರೆ. ಮರಳಿನ ವಿಷಯ ನಮ್ಮ ಜಿಲ್ಲೆಯಲ್ಲಿ ಬೇರೆಯೇ ಕತೆ, ಅದಕ್ಕೆ ಲಾರಿ ಬೇಕು.) ಹಳಗನ್ನಡಕ್ಕೆ ಹೋದರೆ ಮರುಳ್ ಅಂದರೆ ಹುಚ್ಚು ಮಾತ್ರ ಅಲ್ಲ, ಪಿಶಾಚಿ ಕೂಡ. ಕಾವ್ಯಗಳಲ್ಲಿ ಯುದ್ಧ ಮುಗಿದ ಮೇಲೆ ರಣರಂಗದಲ್ಲಿ ಹೆಣಗಳ ನಡುವೆ ಕುಣಿಯಲು ಬರುವವು ಮರುಳುಗಳು. ತಮಿಳಿನಲ್ಲಿ ಮರುಳ್ ಅಂದರೆ ಮನಸ್ಸು ಮಬ್ಬಾಗುವುದು. ಅಲ್ಲೇ ಮರುಳಾಡಿ ಅಂದರೆ ಮೈಮೇಲೆ ದೇವರು ಬಂದು ಕುಣಿಯುವವನು. ಇನ್ನೊಂದು ಕಡೆ ನಮ್ಮ ಶರಣರ ಹೆಸರುಗಳಲ್ಲಿ ಮರುಳಸಿದ್ಧ, ಮರುಳಶಂಕರದೇವ ಇದ್ದಾರೆ. ಅಲ್ಲಿ ಮರುಳು ಮರ್ಯಾದೆಯ ಶಬ್ದ. ದೆವ್ವ, ಮೈಮೇಲೆ ಬರುವುದು, ಹುಚ್ಚು, ಭಕ್ತಿ, ಕೊನೆಗೆ ನಮ್ಮ ಅಜ್ಜನ ಯಕ್ಷಗಾನ. ಎಲ್ಲ ಒಂದೇ ಶಬ್ದದ ಹೊಟ್ಟೆಯೊಳಗೆ.

ಸರಿ, ಇಂಗ್ಲಿಷಿನವರಾದರೂ ನಮಗಿಂತ ಸಭ್ಯರಾ ಅಂತ ನೋಡಲು ಹೋದೆ. ಎಂಥೂಸಿಯಾಸಂ ಎಂಬುದು ಗ್ರೀಕ್ ಶಬ್ದ. ‘ಎನ್’ ಅಂದರೆ ಒಳಗೆ, ‘ಥಿಯೋಸ್’ ಅಂದರೆ ದೇವರು. ಒಳಗೆ ದೇವರು ಹೊಕ್ಕ ಸ್ಥಿತಿ. ಇಂಗ್ಲೆಂಡಿನಲ್ಲಿ ಅದು ಬಹಳ ಕಾಲ ಬೈಗುಳವೇ ಆಗಿತ್ತು. ದೇವರು ತನ್ನ ಹತ್ತಿರ ನೇರವಾಗಿ ಮಾತಾಡುತ್ತಾನೆ ಎನ್ನುವವರನ್ನು ಹಾಗೆ ಕರೆಯುತ್ತಿದ್ದರು. 1755ರಲ್ಲಿ ಸ್ಯಾಮುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಆ ಶಬ್ದಕ್ಕೆ ಕೊಟ್ಟ ಮೊದಲ ಅರ್ಥ, ತನಗೆ ಮಾತ್ರ ದೇವರ ಅಪ್ಪಣೆ ಆಗಿದೆ ಎಂಬ ಪೊಳ್ಳು ನಂಬಿಕೆ. ಈಗ ಅದೇ ಶಬ್ದ ಸೇಲ್ಸ್ ಕೆಲಸದ ಜಾಹೀರಾತಿನಲ್ಲಿ ಬರುತ್ತದೆ. ಫ್ಯಾನ್ ಎಂಬುದು ಫೆನಾಟಿಕ್‌ನ ಬಾಲ. ಅದರ ಮೂಲ ಲ್ಯಾಟಿನ್ನಿನ ‘ಫಾನುಂ’, ಅಂದರೆ ಗುಡಿ. ಗುಡಿಯಲ್ಲಿ ಮೈಮೇಲೆ ಬಂದವನೇ ಮೊದಲ ಫ್ಯಾನ್. ಕ್ರೇಜ್ ಅಂದರೆ ಮೊದಲು ಬಿರುಕು ಬಿಡುವುದು. ನಾವು ಮಂಗಳೂರಿನಲ್ಲಿ ‘ಅವ ಕ್ರ್ಯಾಕ್’ ಅಂತೇವಲ್ಲ, ಗೊತ್ತಿಲ್ಲದೆ ಸರಿಯಾಗಿಯೇ ಹೇಳುತ್ತಿದ್ದೇವೆ. ಇನ್ನು ಪ್ಯಾಷನ್. ಅದರ ಲ್ಯಾಟಿನ್ ಮೂಲದ ಅರ್ಥ ನೋವು ಅನುಭವಿಸುವುದು. ಶುಭ ಶುಕ್ರವಾರದ ದಿನ ನಮ್ಮೂರಿನ ಇಗರ್ಜಿಗಳಲ್ಲಿ ನೆನೆಯುವ ಯೇಸುವಿನ ಪಾಡು ಇದೆಯಲ್ಲ, ಆ ಪ್ಯಾಷನ್. ರೆಸ್ಯೂಮೆ ಬರೆಯುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟ ಹಾಗೆ ಕಾಣುವುದಿಲ್ಲ.

ಸಂಸ್ಕೃತದ ಆವೇಶವೂ ಅದೇ ಜಾತಿ. ಒಳಗೆ ಹೊಗುವುದು ಎಂದು ಅರ್ಥ. ಪ್ರವೇಶ, ಆವೇಶ ಎರಡೂ ಒಂದೇ ಧಾತು. ಈಗ ಅದು ಚುನಾವಣಾ ಭಾಷಣಕ್ಕೆ ಇಳಿದಿದೆ. ಆದರೆ ಕೋಲ, ನೇಮ ನೋಡಿ ಬೆಳೆದ ನಮಗೆ ಆವೇಶ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಒಂದು ವಿಷಯ ಗಮನಿಸಿದ್ದೇನೆ. ದೈವ ಮೈಮೇಲೆ ಬಂದಾಗ ನಮ್ಮಲ್ಲಿ ಯಾರೂ ಅದಕ್ಕೆ ಮರ್ಲ್ ಅನ್ನುವುದಿಲ್ಲ. ಅಲ್ಲಿ ಶಬ್ದಗಳೇ ಬೇರೆ, ದರ್ಶನ ಅನ್ನುತ್ತಾರೆ, ಜೋಗ ಅನ್ನುತ್ತಾರೆ. ಜನ ಕೈಮುಗಿದು ನಿಲ್ಲುತ್ತಾರೆ. ದೇವರ ಪಾಲನ್ನು ದೇವರಿಗೆ ಕೊಟ್ಟು, ಮನುಷ್ಯರ ಪಾಲಿಗೆ ಮರ್ಲ್ ಇಟ್ಟುಕೊಂಡಿದ್ದೇವೆ.

ಒಂದು ಮಾತು ಹೇಳಿಬಿಡುತ್ತೇನೆ. ಈ ಶಬ್ದ ಎಲ್ಲ ಮನೆಯಲ್ಲೂ ಹಗುರ ಅಲ್ಲ. ನಾವು ಚಿಕ್ಕವರಿರುವಾಗ ಎರಡು ಗದ್ದೆ ಆಚೆಯ ಮನೆಯಲ್ಲಿ ಒಬ್ಬರಿಗೆ ನಿಜವಾಗಿ ಮನಸ್ಸಿನ ಕಾಯಿಲೆ ಇತ್ತು. ಆ ಮನೆಯಲ್ಲಿ ತಮಾಷೆಗೂ ಯಾರೂ ಮರ್ಲ್ ಅನ್ನುತ್ತಿರಲಿಲ್ಲ. ಅಜ್ಜಿ ಅಲ್ಲಿಗೆ ಹೋದಾಗ ಅಜ್ಜನ ವಿಷಯ ಬಂದರೆ “ಇವರಿಗೆ ಆಟ ಅಂದರೆ ತುಂಬ ಇಷ್ಟ” ಎಂದಷ್ಟೇ ಹೇಳುತ್ತಿದ್ದರು. ಆ ಮನೆಯ ಅಂಗಳದಲ್ಲಿ ಮಾತ್ರ ನಮ್ಮ ಅಜ್ಜನಿಗೆ ಮರ್ಲ್ ಇರಲಿಲ್ಲ, ಇಷ್ಟ ಇತ್ತು.

ಕೋಣಕ್ಕೆ ಫ್ಯಾನ್

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಲೆಕ್ಕ ಹಾಕಿ ಉಸೇನ್ ಬೋಲ್ಟ್ ಅಂದಿತು. ದಿಲ್ಲಿಯಿಂದ ಓಟದ ಪರೀಕ್ಷೆಗೆ ಕರೆ ಬಂತು. ಅವರು ಹೋಗಲಿಲ್ಲ. ಹೊರಗಿನವರಿಗೆ ಇದು ಆಶ್ಚರ್ಯ. ನಮ್ಮ ಕಡೆಯವರಿಗೆ ಅಷ್ಟೇನಿಲ್ಲ. ಕಂಬಳದ ಮರ್ಲ್ ಇದ್ದವನನ್ನು ಕೋಣ ಇಲ್ಲದ ಟ್ರ್ಯಾಕಿನಲ್ಲಿ ನಿಲ್ಲಿಸಿದರೆ ಅವನು ಯಾರ ಹಿಂದೆ ಓಡಬೇಕು? ಕಂಬಳದ ಕೋಣ ಸಾಕುವವರನ್ನು ನೋಡಿದರೆ ಮರ್ಲ್ ಎಂಬ ಶಬ್ದದ ಅಳತೆ ಸಿಗುತ್ತದೆ. ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಈಜಲಿಕ್ಕೆ ಕೆರೆ ತೋಡಿಸುತ್ತಾರೆ, ಸೆಕೆಗೆ ಕೊಟ್ಟಿಗೆಯಲ್ಲಿ ಫ್ಯಾನ್ ಹಾಕುತ್ತಾರೆ. ಕೋಣಕ್ಕೂ ಫ್ಯಾನ್, ಕೋಣದ್ದೂ ಫ್ಯಾನ್. ನನ್ನ ಪರಿಚಯದ ಒಬ್ಬರ ಮನೆಯಲ್ಲಿ ಕೊಟ್ಟಿಗೆಯ ಫ್ಯಾನ್ ಹಾಳಾದಾಗ ಮಲಗುವ ಕೋಣೆಯದ್ದನ್ನು ಬಿಚ್ಚಿ ಅಲ್ಲಿ ಹಾಕಿದರು. ಹೆಂಡತಿ ಏನಂದರು ಅಂತ ನಾನು ಬರೆಯಬೇಕಾಗಿಲ್ಲ ಅಲ್ವಾ.

ಪುಸ್ತಕದ ಮರ್ಲೂ ಇದೆ. ಜರ್ಮನಿಯಿಂದ 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಬಂದ ಕಿಟ್ಟೆಲ್ ಕನ್ನಡದ ಶಬ್ದಗಳನ್ನು ಕೂಡಿಸುತ್ತ ಕೂಡಿಸುತ್ತ ಮುದುಕರಾದರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಅದಕ್ಕೂ ಮೊದಲೇ 1886ರಲ್ಲಿ ಮ್ಯಾನರ್ ಎಂಬ ಇನ್ನೊಬ್ಬ ಪಾದ್ರಿಯ ತುಳು ನಿಘಂಟು ಬಂದಿತ್ತು. ನೂರು ವರ್ಷ ಕಳೆದು ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರು ಮತ್ತು ಅವರ ಬಳಗದವರು ಊರೂರು ತಿರುಗಿ ತುಳು ನಿಘಂಟು ಮಾಡಿದರು. 1988ರಿಂದ 1997ರವರೆಗೆ ಆರು ಸಂಪುಟ ಬಂತು. ಇವರನ್ನೆಲ್ಲ ‘ಭಾಷೆಯಲ್ಲಿ ವಿಶೇಷ ಆಸಕ್ತಿ ಉಳ್ಳವರು’ ಅಂದರೆ ಅದು ಅವಮಾನ. ಮರ್ಲ್ ಎಂಬ ಶಬ್ದವನ್ನು ನಿಘಂಟಿನಲ್ಲಿ ಸೇರಿಸಲಿಕ್ಕೆ ಕೂಡ ಒಂದು ಮರ್ಲ್ ಬೇಕು.

ಸ್ಟ್ರಾ

ನವರಾತ್ರಿಯಲ್ಲಿ ಹುಡುಗನ ತಂಡ ಕುಣಿಯುವುದನ್ನು ನೋಡಲು ಹೋದೆ. ಬಣ್ಣ ಹಾಕುವ ಜಾಗಕ್ಕೆ ಬೆಳಗಿನ ಜಾವವೇ ಹೋಗಿದ್ದೆ, ಅಕ್ಕ ಕರೆದಳೆಂದು. ದೊಡ್ಡ ಶೆಡ್ಡು. ಹಿಂದಿನ ರಾತ್ರಿ ಊದು ಹಾಕಿದ ಪರಿಮಳ ಇನ್ನೂ ಇತ್ತು, ಅದರ ಮೇಲೆ ಪೈಂಟಿನ ಘಾಟು. ಹುಡುಗರು ಸಾಲಾಗಿ ನಿಂತಿದ್ದರು, ಕೈ ಎರಡೂ ಅಗಲ ಚಾಚಿ, ಅಡ್ಡ ಕಟ್ಟಿದ ಬಿದಿರಿಗೆ ಆತುಕೊಂಡು. ಮೈಗೆ ಹಳದಿ ಬಳಿದು ಅದು ಒಣಗಬೇಕು, ಆಮೇಲೆ ಕಪ್ಪು ಪಟ್ಟೆ. ಒಣಗುವವರೆಗೆ ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ, ಕೈ ಮಡಚುವ ಹಾಗಿಲ್ಲ. ಬೆವರು ಹೊರಗೆ ಬರಲಿಕ್ಕೆ ದಾರಿ ಇಲ್ಲ, ಒಳಗೇ ಉರಿ. ಎಂಟು ಗಂಟೆ ಹೀಗೆ ನಿಂತು, ಆಮೇಲೆ ಇಡೀ ದಿನ ಕುಣಿಯಬೇಕು. ರಾತ್ರಿ ಎಣ್ಣೆ ಹಾಕಿ ತಿಕ್ಕಿ ತಿಕ್ಕಿ ತೆಗೆಯುವಾಗ ಚರ್ಮವೂ ಜೊತೆಗೆ ಬಂದ ಹಾಗಾಗುತ್ತದಂತೆ. ಪ್ಯಾಷನ್ ಶಬ್ದಕ್ಕೆ ಲ್ಯಾಟಿನ್ನಿನವರು ಕೊಟ್ಟ ಅರ್ಥ ಇಲ್ಲಿ ಸರಿಯಾಗಿಯೇ ಕೂರುತ್ತದೆ.

ಅಕ್ಕ ಮಗನ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಎಳನೀರಿನ ಬೊಂಡ, ಇನ್ನೊಂದರಲ್ಲಿ ಸ್ಟ್ರಾ. ಹುಡುಗನಿಗೆ ಕೈಯಲ್ಲಿ ಹಿಡಿಯಲಿಕ್ಕೆ ಆಗುವುದಿಲ್ಲ, ತಲೆ ಬಗ್ಗಿಸಿದರೆ ಕತ್ತಿನ ಬಣ್ಣ ಬಿರುಕು ಬಿಡುತ್ತದೆ. ಹಾಗಾಗಿ ಅಕ್ಕ ಬೊಂಡವನ್ನೇ ಎತ್ತಿ ಹಿಡಿದು, ಸ್ಟ್ರಾದ ತುದಿಯನ್ನು ಅವನ ತುಟಿಯ ನಡುವೆ ಸರಿಯಾಗಿ ಇಟ್ಟಳು. ತುಟಿಯ ಸುತ್ತ ಆಗಲೇ ಬಿಳಿ ಬಳಿದಾಗಿತ್ತು, ಅದಕ್ಕೆ ತಾಗಬಾರದು. ಒಂದು ಗುಟುಕು, ಸ್ಟ್ರಾ ಹೊರಗೆ. ಇನ್ನೊಂದು ಗುಟುಕು, ಸ್ಟ್ರಾ ಹೊರಗೆ. ನಡುವೆ ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ಗಾಳಿ ಬೀಸಿದಳು. ಇಂಜಿನಿಯರಿಂಗ್ ಓದಿಸಿದವಳು, ಕೆಲಸ ಹುಡುಕು ಎಂದು ದಿನಾ ಬೈಯುವವಳು, ಇವಳೇ. ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ ಬೆಂಗಳೂರಿನ ಕಡೆಯ ಒಬ್ಬರು “ಇಷ್ಟೆಲ್ಲ ಕಷ್ಟ ಯಾಕ್ ಪಡ್ತಾರೆ ಆಂಟಿ?” ಎಂದು ಕೇಳಿದರು. ಅಕ್ಕ ತಿರುಗಿ ನೋಡಲಿಲ್ಲ. ಸ್ಟ್ರಾದ ಮೇಲೆಯೇ ಕಣ್ಣಿಟ್ಟು, ಎಳೆದು ಹೇಳಿದಳು: “ಮರ್ಲ್ ಇವನಿಗೆ.”

ಅಜ್ಜಿಯದ್ದೇ ದನಿ. ಹೆಗಲ ಮೇಲೆ ಬೈರಾಸು ಹಾಕಿದ ಅಜ್ಜ ಅಂಗಳ ದಾಟಿದ ಹಾಗೆ ಆಯಿತು ನನಗೆ.

ಆಚೆ ತಾಸೆ ಬಡಿಯಲು ಶುರುವಾಯಿತು. ಹುಲಿಯ ಕಾಲಿನ ಹೆಬ್ಬೆರಳು ತಾನಾಗಿಯೇ ಕುಣಿಯಿತು.

(ಸ್ಮರಣ ಸಂಚಿಕೆಯ ವಿಷಯ: ಧೈರ್ಯ ಮಾಡಿ ‘ನಮ್ಮ ತಂಡದವರಿಗೆ ಪಿಲಿಯ ಮರ್ಲ್’ ಎಂದೇ ಬರೆದು ಕೊಟ್ಟಿದ್ದೆವು. ಅಚ್ಚಾಗಿ ಬರುವಾಗ ‘ಅಪಾರ ಉತ್ಸಾಹ’ ಆಗಿತ್ತು. ಯಾರೋ ತಿದ್ದಿದ್ದಾರೆ. ನಮ್ಮ ಬಗ್ಗೆ ನಾವೇ ಹೇಳಿಕೊಂಡದ್ದಕ್ಕೆ ತಕ್ಕ ಶಾಸ್ತಿ.)

ಚೆಂಡೆ ಕೇಳುವ ದೂರ

ಅಕ್ಕನನ್ನು ನೋಡಿದ ಮೇಲೆ ನನಗೆ ಅಜ್ಜಿಯ ನೆನಪು ಜಾಸ್ತಿಯಾಯಿತು. ಅಜ್ಜಿಯ ಕೆಲಸ ಮಲ್ಲಿಗೆ. ಶಂಕರಪುರದ ಮಲ್ಲಿಗೆ ಎಂದು ಎಲ್ಲರಿಗೂ ಗೊತ್ತಿರುವ ಹೂವು, ಅಂಗಳದ ಆಚೆ ಐವತ್ತು ಗಿಡ. ಬೆಳಗಿನ ಜಾವ ಎದ್ದು ಮೊಗ್ಗು ಬಿರಿಯುವ ಮೊದಲು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಹೂವು ಮಾರುವ ಕಟ್ಟೆಗೆ ಮುಟ್ಟಿಸಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಜ್ಜಿ ಎಣಿಸುತ್ತಿರಲಿಲ್ಲ, ನೋಡುತ್ತಲೂ ಇರಲಿಲ್ಲ. ಮಾತಾಡುತ್ತಲೇ ಕಟ್ಟುತ್ತಿದ್ದರು. ಎಂಟುನೂರು ಆದಾಗ ಬೆರಳು ತಾನೇ ನಿಲ್ಲುತ್ತಿತ್ತು. ಮಳೆ ಹನಿದರೆ ಗಿಡದ ಹತ್ತಿರ ಓಡುತ್ತಿದ್ದರು, ಎಲೆಗೆ ರೋಗ ಬಂದರೆ ಊಟ ಬಿಡುತ್ತಿದ್ದರು. ಅಜ್ಜ ಅರುವತ್ತೆರಡು ಧೀಂಗಿಣ ಎಣಿಸಿದರೆ ಅದು ಮರ್ಲ್. ಅಜ್ಜಿ ಮೂರು ಸಾವಿರದ ಇನ್ನೂರು ಹೂವು ಎಣಿಸದೆ ಕಟ್ಟಿದರೆ ಅದಕ್ಕೆ ಹೆಸರೇ ಇರಲಿಲ್ಲ. ಮನೆ ಕೆಲಸ ಅನ್ನುತ್ತಿದ್ದೆವು.

ಅಜ್ಜ ತೀರಿಕೊಂಡ ಮೇಲಿನ ಒಂದು ಬೇಸಿಗೆ. ನಾನು ಕಾಲೇಜಿಗೆ ಹೋಗುತ್ತಿದ್ದೆ. ಆ ರಾತ್ರಿ ಸುಮಾರು ಎರಡು ಮೈಲಿ ದೂರದಲ್ಲಿ ಕಟೀಲು ಮೇಳದ ‘ದೇವಿ ಮಹಾತ್ಮೆ’ ಆಟ, ಯಾರದೋ ಹರಕೆ. ಸೆಕೆಗೆ ನಿದ್ದೆ ಬಾರದೆ ಎದ್ದು ಹೊರಗೆ ಬಂದರೆ ಜಗಲಿಯ ಕತ್ತಲಲ್ಲಿ ಅಜ್ಜಿ ಕೂತಿದ್ದರು, ಕಂಬಕ್ಕೆ ಒರಗಿ. “ಎಂತ ಅಜ್ಜಿ, ನಿದ್ದೆ ಬರ್ಲಿಲ್ವಾ?” ಅಂದೆ. ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿದರು. ಆಗ ಕೇಳಿಸಿತು. ಗಾಳಿ ಈ ಕಡೆ ತಿರುಗಿದಾಗ ಚೆಂಡೆ, ಆ ಕಡೆ ತಿರುಗಿದರೆ ಜೀರುಂಡೆ. ನನಗೆ ಬರೀ ಸದ್ದು. ಅಜ್ಜಿ ಕತ್ತಲಿಗೆ ಮುಖ ಮಾಡಿಕೊಂಡು ಹೇಳಿದರು: “ಮಹಿಷಾಸುರ ಹೋಗಿ ಆಯ್ತು.” ಸ್ವಲ್ಪ ಹೊತ್ತಿನ ಮೇಲೆ, “ಚೆಂಡೆಯವನು ಹೊಸಬ. ಪೆಟ್ಟು ಚಂದ ಉಂಟು, ಅವಸರ ಜಾಸ್ತಿ.”

ಇಷ್ಟು ವರ್ಷವೂ ಹೀಗೇ ಕೇಳುತ್ತಿದ್ದಿರಾ ಅಂತ ಕೇಳಿದೆ. ಮತ್ತೆ? ಅಂದರು. ಅಜ್ಜ ಅಲ್ಲಿ ಕೂತು ನೋಡಿ ಬೆಳಿಗ್ಗೆ ಹೇಳುತ್ತಿದ್ದದ್ದನ್ನೆಲ್ಲ ಅಜ್ಜಿ ಇಲ್ಲಿಂದಲೇ ಮೊದಲು ಕೇಳಿಸಿಕೊಂಡಾಗಿತ್ತು. ಗಂಜಿ ಬಡಿಸಿ ಏನೂ ಕೇಳದೆ ನಿಲ್ಲುತ್ತಿದ್ದದ್ದು ಅದಕ್ಕೇ. ಯಾವತ್ತೂ ಹೇಳಿರಲಿಲ್ಲ. ದೊಡ್ಡಮ್ಮ ಎಲ್ಲರಿಗೂ “ಅತ್ತೆಗೆ ವಯಸ್ಸಾಯ್ತು, ರಾತ್ರಿ ನಿದ್ದೆ ಇಲ್ಲ” ಎಂದು ಹೇಳಿಕೊಂಡು ಬಂದಿದ್ದರು.

“ಅಜ್ಜೀ, ನಿಮಗೂ ಆಟದ ಮರ್ಲ್” ಅಂದೆ.

“ಎಂಕಾ?” ಅಂದರು. ನನಗಾ? ಕತ್ತಲಲ್ಲಿ ಮುಖ ಕಾಣಲಿಲ್ಲ. ನಗುವುದು ಮಾತ್ರ ಕೇಳಿಸಿತು, ಸಣ್ಣ ಹುಡುಗಿಯ ಹಾಗೆ. ಆಮೇಲೆ ಸೆರಗು ಸರಿ ಮಾಡಿಕೊಂಡು, “ಹಾಗೇನಿಲ್ಲ, ಒಮ್ಮೊಮ್ಮೆ ಕೇಳುದು” ಅಂದರು. ಗಾಳಿ ಮತ್ತೆ ಈ ಕಡೆ ತಿರುಗಿತು. “ಸುಮ್ನೆ ಕೂತುಕೋ ಈಗ. ದೇವಿ ಉಯ್ಯಾಲೆಗೆ ಬಂದಳು.”